ನೆಂಟರ ಎಲೆ

ಸನ್ಮಾನ ಬೆಳಿಗ್ಗೆ ಹತ್ತೂವರೆಗೆ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿತ್ತು. ಹನ್ನೆರಡು ಹೊಡೆದರೂ ಕೆ.ಆರ್. ನಗರದ ಆ ಸಭಾಭವನದಲ್ಲಿ ಮೈಕಿನವನು "ಹಲೋ, ಚೆಕ್ ಚೆಕ್" ಅನ್ನುವುದರ ಆಚೆಗೆ ಒಂದು ಕೆಲಸವೂ ಆಗಿರಲಿಲ್ಲ. ಉದ್ಘಾಟನೆ ಮಾಡುವ ದೊಡ್ಡವರು ಇನ್ನೂ ದಾರಿಯಲ್ಲಿದ್ದರು. ದೊಡ್ಡವರು ಯಾವಾಗಲೂ ದಾರಿಯಲ್ಲೇ ಇರುತ್ತಾರೆ. ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ ದೊಡ್ಡತನಕ್ಕೆ ಊನ ಬರುತ್ತದೇನೋ. ಯಶೋದಮ್ಮ ವೇದಿಕೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಯಾರಿಗೂ ಕಾಣದಂತೆ ಸೀರೆಯ ನೆರಿಗೆಯೊಳಗೇ ಒಂದು ಕಾಲನ್ನು ಚಾಚುವುದು, ಮಡಿಸುವುದು ಮಾಡುತ್ತಿದ್ದಳು. ಹಿಂದಿನ ದಿನ ಮಧ್ಯಾಹ್ನ ಇಳಕಲ್ಲಿನ ನಾಟಕದ ಕ್ಯಾಂಪು ಬಿಟ್ಟವಳು. ಬಸ್ಸು, ರೈಲು, ಮತ್ತೆ ಬಸ್ಸು. ಬೆನ್ನು ನೆಟ್ಟಗಿಟ್ಟು ಕೂರುವುದು ಅವಳ ಕಸುಬು, ಹಾಗಾಗಿ ಕೂತಿದ್ದಳು. ಇಲ್ಲದಿದ್ದರೆ ಆ ಕುರ್ಚಿಯಲ್ಲೇ ಒರಗಿ ನಿದ್ದೆ ಹೋಗುತ್ತಿದ್ದಳು.

ಹಿಂದಿನ ಗೋಡೆಯ ಬ್ಯಾನರಿನಲ್ಲಿ "ನಮ್ಮ ಸೀಮೆ, ನಮ್ಮ ಪ್ರತಿಭೆ" ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಐದು ಮುಖ ಹಾಕಿದ್ದರು. ಪಿರಿಯಾಪಟ್ಟಣದ ಹಾರ್ಮೋನಿಯಂ ಮೇಷ್ಟ್ರು ಗುರುಮಲ್ಲಪ್ಪ, ಅಂತರಸಂತೆಯ ಕಡೆಯ ಸೋಬಾನೆ ಹಾಡುವ ಅಜ್ಜಿ, ಹುಣಸೂರಿನಲ್ಲಿ ಮರ ಕೆತ್ತುವ ಆಸಾಮಿ, ಮೊಬೈಲಿನಲ್ಲಿ ನಗಿಸಿ ನಗಿಸಿಯೇ ಹೆಸರಾದ ಒಬ್ಬ ಪಡ್ಡೆ ಹುಡುಗ, ಕೊನೆಗೆ ರಂಗ ಕಲಾವಿದೆ ಮಿರ್ಲೆಯ ಯಶೋದಮ್ಮ. ಅವಳ ಫೋಟೋ ಇಪ್ಪತ್ತು ವರ್ಷದ ಹಿಂದಿನದು. ಪಕ್ಕದಲ್ಲಿ ನಿಲ್ಲಿಸಿದರೆ ಫೋಟೋದವಳು ಇವಳ ಮಗಳು ಅನ್ನಬೇಕು. ನಾಟಕದ ಕಂಪನಿಯಲ್ಲಿ ಮೊದಲು ನಾಯಕಿ, ಆಮೇಲೆ ನಾಯಕನ ಅಕ್ಕ, ಈಗ ನಾಯಕನ ತಾಯಿ. ಇನ್ನೈದು ವರ್ಷ ಮಂಡಿ ಸಹಕರಿಸಿದರೆ ಅಜ್ಜಿಯ ಪಾರ್ಟು ಖಾತ್ರಿ.

ಶಾಲು, ಪೇಟ, ಹಣ್ಣಿನ ಬುಟ್ಟಿ ಇವುಗಳಿಗೆ ಬಂದವಳಲ್ಲ ಅವಳು. ಶಾಲುಗಳು ಟ್ರಂಕಿನಲ್ಲಿ ನುಸಿಗುಳಿಗೆ ತಿನ್ನುತ್ತಾ ಬಿದ್ದಿವೆ. ಸಂಘದ ಕಾರ್ಯದರ್ಶಿ ಮಹೇಶ್‌ಕುಮಾರ್ ಫೋನು ಮಾಡಿದಾಗ, ಕಾಲುನೋವು, ಬರಲಾರೆ ಎಂದು ಹೇಳಿಯೂ ಆಗಿತ್ತು. ಆಗ ಅವನು, "ಅಂಗನ್ಬೇಡಿ ಮೇಡಂ, ಮಧ್ಯಾನದ್ ಊಟ ನಿಮ್ ತವರುಮನೇಲೇ ಇಟ್ಕೊಂಡಿದೀವಿ. ನಿಮ್ಮಣ್ಣ ಕೆಂಪಯ್ನೋರು ಒಪ್ಕೊಂಡವ್ರೆ," ಅಂದ. ಯಶೋದಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, "ಏನಂದ್ರಿ?" ಎಂದು ಮತ್ತೊಮ್ಮೆ ಕೇಳಿದ್ದಳು. ಆ ಒಂದು ಮಾತಿಗೆ ಬಂದಿದ್ದಳು.

ಊರು ಬಿಟ್ಟ ಮೂವತ್ತಮೂರು ವರ್ಷದಲ್ಲಿ ಅವಳು ಆ ಮನೆಗೆ ಹೋದದ್ದು ಒಂದೇ ಸಲ, ಅವ್ವನ ತಿಥಿಗೆ. ಅವತ್ತು ಊರಿಗೆ ಊರೇ ಶಾಮಿಯಾನದ ಕೆಳಗೆ ಉಂಡಿತು, ಅವಳೂ ಉಂಡಳು, ಸಂಜೆಯ ಬಸ್ಸಿಗೆ ಹೊರಟಳು. ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ.

ಉತ್ತರದ ಸೀಮೆಯ ರೊಟ್ಟಿಯ ಮೇಲೆ ಅವಳಿಗೇನೂ ತಕರಾರಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದು ಅವಳ ಕಂಠ ಗಟ್ಟಿಯಾಗಿದೆ, ಆ ಊರುಗಳ ಋಣ ದೊಡ್ಡದು. ಆದರೆ ನಾಲಿಗೆ ಋಣ ಲೆಕ್ಕ ಹಾಕುವುದಿಲ್ಲ. ಕ್ಯಾಂಪಿನ ಡೇರೆಯ ಹಿಂದೆ ಗ್ಯಾಸಿನೊಲೆಯ ಮೇಲೆ ಎಷ್ಟೋ ಸಲ ರಾಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿದ್ದಳು. "ಅಕ್ಕಾರ, ಇದನ್ನ ಅಗೀಲಾರ್ದ ಹೆಂಗ ನುಂಗ್ತೀರಿ ಮಾರಾಯ್ರ?" ಎಂದು ಕಂಪನಿಯ ಹುಡುಗಿಯರು ಸುತ್ತ ಕೂತು ನೋಡುತ್ತಿದ್ದರು. ಮುದ್ದೆಯೇನೋ ಆಗುತ್ತಿತ್ತು, ಅದಕ್ಕೆ ತಕ್ಕ ಸಾರು ಆಗುತ್ತಿರಲಿಲ್ಲ. ಮಿರ್ಲೆಯ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಕೀರೆ ಎಂದು ಸಿಕ್ಕಿದ್ದೆಲ್ಲ ಮಡಿಲಿಗೆ ಕಿತ್ತು ತಂದು, ಅವರೆಕಾಳಿನ ಜೊತೆ ಬೇಯಿಸಿ, ಬಸಿದು, ಖಾರ ಅರೆದು ಬಿಟ್ಟ ಬಸ್ಸಾರು ಯಾವ ಪೇಟೆಯಲ್ಲಿ ಸಿಗುತ್ತದೆ? ಆ ಸೊಪ್ಪನ್ನು ದುಡ್ಡು ಕೊಟ್ಟು ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ.

ಬರೀ ನಾಲಿಗೆಯ ಮಾತಾಗಿದ್ದರೆ ಬಸ್‌ಸ್ಟ್ಯಾಂಡಿನ ಯಾವುದಾದರೂ ಹೋಟೆಲಿಗೆ ನುಗ್ಗಿ ಉಂಡು ತೃಪ್ತಿಪಡಬಹುದಿತ್ತು. ಅವಳ ಸೀಮೆಯಲ್ಲಿ ಒಂದು ಕಟ್ಟಳೆ ಇದೆ. ಯಾರೂ ಬಾಯಿಬಿಟ್ಟು ಹೇಳದ, ಯಾರೂ ಮೀರದ ಕಟ್ಟಳೆ. ನೆಂಟರಿಗೆ ಅನ್ನ, ಮನೆಯವರಿಗೆ ಹಿಟ್ಟು, ಅಂದರೆ ಮುದ್ದೆ. ಮನೆಗೆ ಬಂದ ಗೌರವಸ್ಥರಿಗೆ ಹಿಟ್ಟು ಇಕ್ಕಿದರೆ ಅವಮಾನ. ಮನೆಯ ಮಕ್ಕಳಿಗೆ ಅನ್ನ ಪಾಯಸ ಬಡಿಸಿ ಉಪಚಾರ ಮಾಡಿದರೆ ಅದೂ ಒಂದು ಬಗೆಯ ಅವಮಾನವೇ. ಗಂಡನ ಮನೆಯಿಂದ ಬಂದ ಹೆಣ್ಣುಮಗಳು ಚೀಲ ಜಗಲಿಗೆಸೆದು, ನೇರ ಅಡುಗೆಮನೆಗೆ ಹೋಗಿ, ಗಡಿಗೆಗೆ ಕೈ ಹಾಕಿ, ತಂಗಳೋ ಬಿಸಿಯೋ ಒಂದು ಹಿಟ್ಟು ತಟ್ಟೆಗೆ ಹಾಕಿಕೊಂಡಳೆಂದರೆ ಅವಳು ಇನ್ನೂ ಆ ಮನೆಯವಳು ಎಂದು ಅರ್ಥ. ಅಣ್ಣ ಇವತ್ತು ತನಗೆ ಯಾವುದನ್ನು ಇಕ್ಕಿಸುತ್ತಾನೆ? ಇಷ್ಟೇ ಅವಳ ಪ್ರಶ್ನೆ. ಇದಕ್ಕಾಗಿ ಆ ಮಂಡಿಯನ್ನು ಎಳೆದುಕೊಂಡು ಇಲ್ಲಿಯವರೆಗೆ ಬಂದಿದ್ದಳು.

ಅಣ್ಣ ಕೆಂಪಯ್ಯ ಸಭೆಯ ಎರಡನೇ ಸಾಲಿನಲ್ಲಿ ಕೂತಿದ್ದ. ಗರಿಗರಿ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಅರವತ್ತನಾಲ್ಕಾದರೂ ಎದೆ ಕುಗ್ಗಿರಲಿಲ್ಲ. ಊರ ನಾಟಕದಲ್ಲಿ ನಲವತ್ತು ವರ್ಷದಿಂದ ಗದೆಯ ಪಾರ್ಟು ಅವನದೇ. ಬೆಳಿಗ್ಗೆ ಸಭಾಭವನದ ಬಾಗಿಲಲ್ಲಿ ಎದುರಾದಾಗ ಅವಳು "ಅಣ್ಣ" ಎಂದಿದ್ದಳು. ಅವನು ಕೈ ಮುಗಿದು, "ಬನ್ನಿ ಬನ್ನಿ, ಚೆನ್ನಾಗಿದೀರಾ?" ಎಂದು ದಾರಿ ಬಿಟ್ಟಿದ್ದ. ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಸುತ್ತಿಸಿದವನ ಬಾಯಲ್ಲಿ 'ನೀವು'! ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ನಿಮ್ಮಣ್ಣ ಬಂದವ್ನೆ ಕಣವ್ವ," ಎಂದರು ಪಕ್ಕದ ಕುರ್ಚಿಯ ಗುರುಮಲ್ಲಪ್ಪ ಮೇಷ್ಟ್ರು. ಎಂಬತ್ತೆರಡು ವರ್ಷ, ಕಣ್ಣು ಮಂಜು. ಬೆರಳು ಮಾತ್ರ ಸುಮ್ಮನಿರದೆ ತೊಡೆಯ ಮೇಲೆ ಇಲ್ಲದ ಹಾರ್ಮೋನಿಯಂ ಬಾರಿಸುತ್ತಿತ್ತು. ಮಿರ್ಲೆಯವರಿಗೆ ನಾಟಕ ಕಲಿಸಿದವರು ಅವರೇ.

"ನೋಡ್ದೆ ಮೇಷ್ಟ್ರೇ."

"ಮಾತಾಡಿದ್ನಾ?"

"ಮಾತಾಡ್ದ. ನೀವು, ತಾವು ಅಂತ."

ಮೇಷ್ಟ್ರು ಬೆರಳು ನಿಲ್ಲಿಸಿ ನಿಟ್ಟುಸಿರಿಟ್ಟರು. "ಅವತ್ತು ವ್ಯಾನು ಕೆಟ್ಟೋಗ್ದೆ ಇದ್ದಿದ್ರೆ ಇದೆಲ್ಲಾ ಆಯ್ತಿರ್ನಿಲ್ಲ ಬುಡು."

ಅವತ್ತು ಅಂದರೆ ಮೂವತ್ತಮೂರು ವರ್ಷದ ಹಿಂದಿನ ಒಂದು ಸಂಜೆ. ಆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವೆಂದರೆ ಗಂಡಸರಿಗೆ ಪ್ರಾಣ. ಆರು ತಿಂಗಳು ಉತ್ತು ಬಿತ್ತಿದ ಮೈಯಲ್ಲೇ ಬಂದು ರಿಹರ್ಸಲ್ ಮಾಡುತ್ತಾರೆ. ಹೆಣ್ಣು ಪಾರ್ಟಿಗೆ ಮಾತ್ರ ಮೈಸೂರಿನಿಂದಲೋ ಮಂಡ್ಯದಿಂದಲೋ ಹೆಂಗಸರು ವ್ಯಾನಿನಲ್ಲಿ ಬರುತ್ತಾರೆ, ಪಾರ್ಟು ಮಾಡುತ್ತಾರೆ, ಹೋಗುತ್ತಾರೆ. ರಾಣಿ ಅತ್ತರೆ ಊರೆಲ್ಲ ಅಳುತ್ತದೆ, ಆದರೆ ಊರಿನ ಒಂದು ಹೆಣ್ಣೂ ರಾಣಿಯಾಗುವಂತಿಲ್ಲ. ಆ ವರ್ಷ ವ್ಯಾನು ಕೆ.ಆರ್. ನಗರದ ಆಚೆ ಕೆಟ್ಟು ನಿಂತಿತು. ಪರದೆ ಕಟ್ಟಿ ಆಗಿದೆ, ಸುತ್ತಲ ಹಳ್ಳಿಯ ಜನ ಚಾಪೆ ಹಾಸಿ ಕೂತಿದ್ದಾರೆ, ರಾಣಿಯಿಲ್ಲ. ಕೆಂಪಯ್ಯ ಅರ್ಧ ಬಣ್ಣದ ಮುಖದಲ್ಲೇ ಮನೆಗೆ ಓಡಿಬಂದ. ಜಗಲಿಯ ರಿಹರ್ಸಲ್ಲನ್ನು ಒಳಗಿನಿಂದಲೇ ಕೇಳಿ ಕೇಳಿ ಇಪ್ಪತ್ತೊಂದರ ತಂಗಿಗೆ ಇಡೀ ನಾಟಕ ಬಾಯಿಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು. "ಸ್ಟೇಜು ಹತ್ತು ಪುಟ್ಟಿ, ನನ್ ಮಾನ ಉಳ್ಸು. ಏನೇ ಬಂದ್ರೂ ನಾನಿದೀನಿ," ಎಂದಿದ್ದ. ಮನೆಯಲ್ಲಿ ಅವಳ ಹೆಸರು ಪುಟ್ಟಿ. ಅತ್ತಿಗೆ ಸುನಂದಮ್ಮ ತನ್ನ ಧಾರೆಸೀರೆಯನ್ನೇ ಉಡಿಸಿ ಕಳಿಸಿದಳು.

ಅವಳು ಹತ್ತಿದಳು. ಮಾನವೇನೋ ಉಳಿಯಿತು. ಅಂಥ ರಾಣಿಯನ್ನು ಆ ಊರು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ವಾರ ಕಳೆಯುವುದರೊಳಗೆ ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನಲ್ಲಿ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಪಾರ್ಟು ಮಾಡಿದ ಹೆಣ್ಣು ನಮಗೆ ಬೇಡ ಎಂದರು. ಅವರ ಕಡೆಯ ಹಿರಿಯರು ಜಗಲಿಯ ಮೇಲೆ ಕೂತು, "ಹತ್ತಿಸ್ದೋರು ಯಾರು?" ಎಂದು ಕೇಳಿದರು. ಕೆಂಪಯ್ಯ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಅವ್ಳೇ ಅಟ ಮಾಡಿ ಹತ್ತುದ್ಲು, ನಾ ಬ್ಯಾಡ ಅಂದೆ," ಅಂದ. ಬಾಗಿಲ ಹಿಂದೆ ನಿಂತಿದ್ದ ಯಶೋದ ಕೇಳಿಸಿಕೊಂಡಳು. ಅತ್ತಿಗೆಯೂ ಕೇಳಿಸಿಕೊಂಡಳು. ಇಬ್ಬರೂ ಸುಮ್ಮನಿದ್ದರು. ಆಮೇಲೆ ಸುಳ್ಳು ಊರಿನಲ್ಲಿ ಬೇರುಬಿಟ್ಟು, ಟೊಂಗೆ ಒಡೆದು, ಮೇಷ್ಟ್ರು ಕೊಟ್ಟ ವಿಳಾಸ ಹಿಡಿದು ಯಶೋದ ಕಂಪನಿ ಸೇರುವ ಹೊತ್ತಿಗೆ 'ಓಡಿಹೋದಳು' ಎಂಬ ಹೂವನ್ನೂ ಬಿಟ್ಟಿತ್ತು. ಕೆಂಪಯ್ಯ ಮಾತ್ರ ಮುಂದಿನ ವರ್ಷವೂ ಗದೆ ಹಿಡಿದ. ಗಂಡಸು ಪಾರ್ಟು ಮಾಡಿದ್ದಕ್ಕೆ ಸಂಬಂಧ ಮುರಿದದ್ದನ್ನು ಯಾರಾದರೂ ಕೇಳಿದ್ದೀರಾ?

ಒಂದು ಗಂಟೆಗೆ ದೊಡ್ಡವರು ಬಂದರು. ದೀಪ ಹಚ್ಚಿದರು, ಇನ್ನೊಂದು ಕಾರ್ಯಕ್ರಮವಿದೆ ಎಂದು ಹತ್ತೇ ನಿಮಿಷಕ್ಕೆ ಹೊರಟರು. ಅವರ ಹಿಂದೆ ಅರ್ಧ ಸಭೆಯೂ ಎದ್ದು ಹೋಯಿತು. ಉಳಿದ ಅರ್ಧಕ್ಕೆ ಮಹೇಶ್‌ಕುಮಾರ್ ಒಬ್ಬೊಬ್ಬರನ್ನಾಗಿ ಪರಿಚಯಿಸತೊಡಗಿದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಐದು ಜನರಿಗೂ ಐದು ಸಲ ಹೇಳಿದ. ಸೋಬಾನೆ ಅಜ್ಜಿಗೆ ಪೇಟ ಕಣ್ಣಿನ ಮೇಲೆ ಜಾರಿ, ಅವಳು ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಯಶೋದಮ್ಮನ ಸರದಿ ಕೊನೆಗೆ ಬಂತು.

"ಮಿರ್ಲೆಯ ಮಣ್ಣಿನ ಮಗಳು! ಒಬ್ಬ ಹೆಣ್ಣುಮಗಳು ರಂಗ ಏರುವುದೇ ಅಪರಾಧವಾಗಿದ್ದ ಕಾಲದಲ್ಲಿ, ಮನೆಯವರು ಬೇಡವೆಂದರೂ ಲೆಕ್ಕಿಸದೆ, ತನ್ನದೇ ಹಟದಿಂದ ರಂಗ ಏರಿದ ದಿಟ್ಟ ಮಹಿಳೆ!"

ಚಪ್ಪಾಳೆ ಬಿತ್ತು. ಮೇಷ್ಟ್ರು ಅವಳ ಕಡೆ ವಾಲಿ, "ಅದು ಸುಳ್ಳು ಕಣವ್ವ, ದಿಟ ಹೇಳ್ಬುಡು ನೀನು," ಎಂದು ಗೊಣಗಿದರು. ಯಶೋದಮ್ಮನಿಗೆ ನಗುವೂ ಬಂತು, ಸುಸ್ತೂ ಆಯಿತು. ಯಾವ ಸುಳ್ಳಿಗೆ ಊರು ಬಿಟ್ಟಿದ್ದಳೋ ಅದೇ ಸುಳ್ಳಿಗೆ ಈಗ ಶಾಲು ಹೊದಿಸುತ್ತಿದ್ದರು. ಕೆಂಪಯ್ಯ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ನೋಡುತ್ತಾ ಕೂತಿದ್ದ.

ಮೈಕು ಅವಳ ಕೈಗೆ ಬಂತು. ಮೈಕು ಹಿಡಿದರೆ ಅವಳ ದಣಿವು ಇಳಿಯುತ್ತದೆ, ಅದು ಅಭ್ಯಾಸ. ಈಗ ಒಂದು ಮಾತು ಸಾಕಿತ್ತು. ಹತ್ತಿಸಿದವನು ಎರಡನೇ ಸಾಲಿನಲ್ಲಿ ಕೂತಿದ್ದಾನೆ ನೋಡಿ ಅಂದರೆ ಮೂವತ್ತಮೂರು ವರ್ಷದ ಬಾಕಿ ತೀರುತ್ತಿತ್ತು. ಸಭೆಯ ಎದುರು ಆ ಮಾತು ಹೇಗೆ ಆಡಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಪದಕ್ಕೆ ಜನ ಉಸಿರು ಹಿಡಿಯುತ್ತಾರೆ ಎಲ್ಲವೂ ಅವಳಿಗೆ ಕರತಲಾಮಲಕ. ಆದರೆ ಹಾಗೆ ಆಡಿದರೆ ಅದೂ ಒಂದು ಪಾರ್ಟು ಆಗುತ್ತಿತ್ತು. ಅಣ್ಣನನ್ನು ಊರ ಮುಂದೆ ಕೆಡವಿ ಮನೆಗೆ ಹೋಗಿ ಉಣ್ಣುವುದಾದರೂ ಹೇಗೆ?

"ನಾನು ಪಾರ್ಟು ಕಲ್ತಿದ್ದು ನಮ್ಮನೆ ಜಗಲಿ ಮೇಲೆ, ನಮ್ಮಣ್ಣನ ಬಾಯಿಂದ," ಎಂದಳು. "ಮೇಷ್ಟ್ರು ಬಾರಿಸಿದ್ರು, ಅಣ್ಣ ಹಾಡ್ದ, ನಾನು ಒಳಗೆ ಸೊಪ್ಪು ಬಿಡಿಸ್ತಾ ಕೇಳ್ದೆ. ಎಲ್ಲಾರೂ ಚೆನ್ನಾಗಿರಿ." ಕೈ ಮುಗಿದು ಕೂತಳು. ಇಷ್ಟು ಚಿಕ್ಕ ಭಾಷಣವನ್ನು ಆ ಸಭಾಭವನ ಕಂಡಿರಲಿಲ್ಲವಾಗಿ ಚಪ್ಪಾಳೆ ತಡವಾಗಿ ಬಿತ್ತು. ಅವಳು ಸಭೆಯ ಕಡೆ ನೋಡುವ ಹೊತ್ತಿಗೆ ಎರಡನೇ ಸಾಲಿನ ಆ ಕುರ್ಚಿ ಖಾಲಿಯಾಗಿತ್ತು. ಊಟದ ಏರ್ಪಾಡು ನೋಡಲು ಬೈಕಿನಲ್ಲಿ ಮುಂದೆ ಹೋದರು ಎಂದು ಯಾರೋ ಹೇಳಿದರು.

ಮಹೇಶ್‌ಕುಮಾರ್ ತನ್ನ ಕಾರಿನಲ್ಲಿ ಅವಳನ್ನು ಮಿರ್ಲೆಗೆ ತಂದು ಮನೆ ಮುಂದೆ ಇಳಿಸಿದ. ಸಂಘದ ಇತರರ ಊಟ ನೋಡಬೇಕೆಂದು, ನಾಲ್ಕೂವರೆಗೆ ಬಂದು ಮೈಸೂರಿಗೆ ಬಿಡುತ್ತೇನೆಂದು ಹೇಳಿ ಹೋದ. ಹಳೇ ಜಗಲಿಗೆ ಟೈಲ್ಸ್ ಬಿದ್ದಿತ್ತು. ಅವಳು ಮನಸ್ಸಿನಲ್ಲೇ ಎಲ್ಲ ಪ್ರಾಕ್ಟೀಸು ಮಾಡಿಕೊಂಡಿದ್ದಳು: ಚೀಲ ಎಸೆಯುವುದು, ಚಪ್ಪಲಿ ಬಿಡುವುದು, ಅತ್ಗೆ ಎಂದು ಕೂಗುತ್ತಾ ನೇರ ಅಡುಗೆಮನೆಗೆ ನಡೆಯುವುದು. ಆದರೆ ಬಾಗಿಲಲ್ಲೇ ಕೆಂಪಯ್ಯ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದ.

"ಬನ್ನಿ. ಕಾಲು ತೊಳ್ಕೊಳಿ. ಸುಸ್ತಾಗಿರ್ತೀರಿ."

ಪಡಸಾಲೆಯ ಮಂಚಕ್ಕೆ ಹೊಸ ಹೊದಿಕೆ ಹಾಸಿದ್ದರು. ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಅವಳು ಅದರ ತುದಿಗೆ ಕೂತಳು. ಅಣ್ಣನ ಸೊಸೆ ರೂಪಶ್ರೀ ಬಂದು ಕಾಲಿಗೆ ನಮಸ್ಕಾರ ಮಾಡಿ, "ಅತ್ತೆ, ನಿಮ್ ನಾಟಕದ್ ವಿಡಿಯೋ ಎಲ್ಲಾ ನೋಡಿದೀನಿ," ಎಂದು ಸಂಭ್ರಮಪಟ್ಟಳು. ಹುಣಸೂರಿನ ಹುಡುಗಿ, ಅವಳಿಗೆ ಹಳೆಯದೇನೂ ತಿಳಿಯದು. "ನೀವ್ ದೊಡ್ಡೋರು ಬರ್ತೀರಾ ಅಂತ ನಾನೇ ಪನ್ನೀರ್ ಮಾಡಿದೀನಿ, ಯೂಟ್ಯೂಬ್ ನೋಡ್ಕೊಂಡು." ಒಳಗಿನಿಂದ ಸುನಂದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲವರೆಗೆ ಬಂದು ನಿಂತಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಏನೋ ಹೇಳಹೊರಟು, ಗಂಡನ ಮುಖ ನೋಡಿ, "ಬಂದ್ರಾ" ಎಂದಷ್ಟೇ ಅಂದು ಒಳಗೆ ಸರಿದಳು. ಅವಳ ಬಾಯಲ್ಲೂ ಬಹುವಚನ!

ಪಡಸಾಲೆಯ ಮಧ್ಯೆ ಮಣೆ ಹಾಕಿ ಒಂದೇ ಒಂದು ಎಲೆ ಹಾಸಿದರು. ಕುಡಿ ಬಾಳೆಲೆ. ಕೋಸಂಬರಿ, ಪಲ್ಯ, ಚಪಾತಿ, ಪನ್ನೀರು, ಹೋಳಿಗೆ, ಸಣ್ಣಕ್ಕಿ ಅನ್ನ, ತಿಳಿಸಾರು, ಹಪ್ಪಳ, ಶಾವಿಗೆ ಪಾಯಸ. ಎಲೆಯಲ್ಲಿ ಕೈ ಊರಲು ಜಾಗವಿರಲಿಲ್ಲ.

"ನೀನು ಕೂತ್ಕೊಳಲ್ವಾ ಅಣ್ಣ?"

"ನಮ್ದು ಆಮೇಲೆ. ನೀವು ಉಣ್ಣಿ." ಅವನು ಕಂಬಕ್ಕೊರಗಿ ನಿಂತುಕೊಂಡ. "ಏಯ್, ತುಪ್ಪ ತತ್ತಾ."

ಅಡುಗೆಮನೆಯಿಂದ ದಡ್ ದಡ್ ಎಂದು ಸದ್ದು ಬರುತ್ತಿತ್ತು. ಪಾತ್ರೆಯನ್ನು ಪಾದದಲ್ಲಿ ಅದುಮಿ ಹಿಡಿದು ಕೋಲಿನಿಂದ ಹಿಟ್ಟು ತೊಳಸುವ ಸದ್ದು ಅದು. ಅದರ ಹಿಂದೆಯೇ ಬಸ್ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಬಂತು. ಸೊಪ್ಪಿನದೇ, ಬದುವಿನ ಬೆರಕೆ ಸೊಪ್ಪಿನದೇ. ಯಶೋದಮ್ಮನ ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಊರಿತು. ತನ್ನ ಎದುರಿನ ಎಲೆಯನ್ನು ನೋಡಿದಳು. ಅವಳಿಗೆ ಈ ಎಲೆಯ ಗುರುತು ಚೆನ್ನಾಗಿ ಇತ್ತು.

ನಾಟಕದ ದಿನ ವ್ಯಾನಿನಲ್ಲಿ ಬರುತ್ತಿದ್ದ ಪಾರ್ಟಿನ ಹೆಂಗಸರಿಗೆ ಶಾಲೆಯ ಕೋಣೆಯಲ್ಲಿ ಬಡಿಸುತ್ತಿದ್ದುದು ಇದೇ ಎಲೆ. ಅನ್ನ, ಪಾಯಸ, ಹಪ್ಪಳ, ಮರ್ಯಾದೆಗೆ ಎಳ್ಳಷ್ಟೂ ಕೊರತೆಯಿಲ್ಲ. ಮನೆಯೊಳಕ್ಕೆ ಮಾತ್ರ ಕರೆಯುವುದಿಲ್ಲ. ಆ ಊಟವನ್ನು ತಲೆಯ ಮೇಲೆ ಹೊತ್ತು ಶಾಲೆಗೆ ಒಯ್ಯುತ್ತಿದ್ದವಳು ಯಶೋದಳೇ. ಒಂದು ವರ್ಷ ಒಬ್ಬ ಹೆಂಗಸು, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ, "ಹಿಟ್ಟಿಲ್ವಾ ತಾಯಿ?" ಎಂದು ಕೇಳಿದ್ದಳು. ಹದಿನೈದರ ಯಶೋದ ಕಿಸಕ್ಕನೆ ನಕ್ಕು, "ನಿಮ್ಗೆಲ್ಲಾ ಇಟ್ಟು ಇಕ್ತಾರಾ?" ಎಂದಿದ್ದಳು. ಆ ಹೆಂಗಸು ಸುಮ್ಮನೆ ಎಲೆಯ ಮೇಲೆ ನೀರು ಚಿಮುಕಿಸಿಕೊಂಡಿದ್ದಳು. ಅವಳ ಹೆಸರನ್ನು ಕೂಡ ಯಶೋದ ಕೇಳಿರಲಿಲ್ಲ.

ಯಶೋದಮ್ಮ ಎಲೆಯ ಮೂಲೆಯಿಂದ ಒಂದು ತುತ್ತು ಅನ್ನ ಕಲಸಿ ಬಾಯಿಗಿಟ್ಟಳು. ಚಪಾತಿಯ ಚೂರು ಮುರಿದಳು. ಪನ್ನೀರು ಚೆನ್ನಾಗಿತ್ತು, ಪಾಪದ ಹುಡುಗಿ ಪ್ರೀತಿಯಿಂದ ಮಾಡಿದ್ದಳು. ಅಷ್ಟಕ್ಕೇ ಕೈ ನಿಲ್ಲಿಸಿದಳು.

"ಇನ್ನೊಂಚೂರು ಪಾಯಸ ಆಕುಸ್ಕೊಳಿ," ಅಂದ ಕೆಂಪಯ್ಯ ಕಂಬದ ಬಳಿಯಿಂದ.

"ಸಾಕು."

"ದಾಕ್ಷಿಣ್ಯ ಮಾಡ್ಕಬೇಡಿ."

ಮೂವತ್ತಮೂರು ವರ್ಷ ಜನರೆದುರು ಅತ್ತು ಕರೆದವಳಿಗೆ ಇಲ್ಲಿ ಅಳುವುದಕ್ಕೂ ಚೈತನ್ಯವಿರಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು. ನಾಲ್ಕೂವರೆಗೆ ಕಾರು ಬರುತ್ತದೆ, ರಾತ್ರಿಯ ರೈಲು ಹಿಡಿದರೆ ನಾಳೆ ಸಂಜೆಯ ಆಟಕ್ಕೆ ಇಳಕಲ್ಲಿನಲ್ಲಿರಬಹುದು. ಅಲ್ಲಿ ಅವಳ ಪಾಲಿನ ರೊಟ್ಟಿ ತಟ್ಟುತ್ತಿರುತ್ತಾರೆ, ಯಾರೂ 'ದಾಕ್ಷಿಣ್ಯ' ಅನ್ನುವುದಿಲ್ಲ. ಹೀಗೆಂದುಕೊಂಡು ಅವಳು ಎಡಗೈಯನ್ನು ನೆಲಕ್ಕೂರಿ, ನೋಯುವ ಮಂಡಿಯನ್ನು ಮೊದಲು ಎತ್ತಿ, ಎದ್ದು ನಿಂತಳು. ನಿಂತವಳು ಬಚ್ಚಲ ಕಡೆ ಹೋಗಲಿಲ್ಲ. ಬಗ್ಗಿ ಎಲೆಯನ್ನು ಅರ್ಧಕ್ಕೆ ಮಡಿಸಿ ಎರಡೂ ಕೈಯಲ್ಲಿ ಎತ್ತಿದಳು.

ಉಂಡ ಎಲೆಯನ್ನು ನೆಂಟರು ಎತ್ತಬಾರದು. ಎತ್ತಿದರೆ ಮನೆಯವರಿಗೆ ತಲೆತಗ್ಗಿಸುವ ಮಾತು. ಕೆಂಪಯ್ಯ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. "ಅಯ್ಯೋ, ಬುಡಿ ಬುಡಿ! ನೀವ್ಯಾಕೆ ಎತ್ತೀರಿ! ರೂಪಾ..."

"ಇದ್ರಲ್ಲಿರೋದು ಯಮ್ಮೆಗೆ ಆಯ್ತದೆ," ಎಂದಳು ಯಶೋದಮ್ಮ, ಯಾರನ್ನೂ ನೋಡದೆ. ರೂಪಶ್ರೀ ಕೈ ಚಾಚಿದರೂ ಕೊಡಲಿಲ್ಲ. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿಗೆ ಹೋಗಿ ಕಲಗಚ್ಚಿನ ಬಾನಿಗೆ ಎಲೆಯಲ್ಲಿದ್ದುದನ್ನು ಸುರಿದು, ಎಲೆಯನ್ನು ಎಮ್ಮೆಯ ಮುಂದೆ ಹಾಕಿ, ಕೈ ತೊಳೆದಳು. ವಾಪಸು ಬಂದವಳು ಪಡಸಾಲೆಗೆ ಹೋಗಲಿಲ್ಲ. ಒಲೆಯ ಬಳಿ, ಗೋಡೆಗೆ ಬೆನ್ನು ಕೊಟ್ಟು, ಮಂಡಿ ನೋಯುವ ಕಾಲನ್ನು ಉದ್ದಕ್ಕೆ ಚಾಚಿ, ಬರೀ ನೆಲದ ಮೇಲೆ ಕೂತಳು.

ಸುನಂದಮ್ಮ ಬಿಸಿ ಹಿಟ್ಟನ್ನು ಮರದ ಹಲಗೆಯ ಮೇಲೆ ನೀರು ಮುಟ್ಟಿಸಿಕೊಂಡು ಮುದ್ದೆ ಕಟ್ಟುತ್ತಿದ್ದವಳು ಹಾಗೇ ನಿಂತುಬಿಟ್ಟಳು.

"ಅತ್ಗೆ, ತಟ್ಟೆ ಕೊಡು."

"ಊಟ..." ಸುನಂದಮ್ಮ ಬಾಗಿಲ ಕಡೆ ನೋಡಿದಳು. "ಅವ್ರು ಏನಾರ ಅಂದ್ಕಂಡಾರು ಕಣವ್ವ."

"ಅಂದ್ಕಳ್ಳಿ."

ಸುನಂದಮ್ಮ ಹಲಗೆಯನ್ನು ಪಕ್ಕಕ್ಕೆ ಸರಿಸಿದಳು. "ಅವತ್ತು ನಾನೂ ಬಾಯಿ ಬುಡ್ನಿಲ್ಲ. ಸೀರೆ ಉಡುಸ್ದೋಳು ನಾನೇ. ಒಂದ್ ಮಾತು ಆಡ್ಬೋದಾಗಿತ್ತು. ಒಸಾ ಸೊಸೆ, ಯದುರ್ಕಂಡೆ." ಹೇಳುತ್ತಲೇ ಅವಳು ಅಲ್ಯೂಮಿನಿಯಂ ತಟ್ಟೆ ಎಳೆದು, ಎಲ್ಲಕ್ಕಿಂತ ದೊಡ್ಡ ಮುದ್ದೆಯನ್ನು ಅದಕ್ಕೆ ಹಾಕಿದಳು. ಸೌಟಿನಿಂದ ಬಸ್ಸಾರು ಬಿಟ್ಟಳು. ಪಕ್ಕಕ್ಕೆ ಒಗ್ಗರಣೆ ಹಾಕಿದ ಸೊಪ್ಪು ಕಾಳು, ಒಂದು ಹಸಿ ಈರುಳ್ಳಿ. ಹಬೆ ಯಶೋದಮ್ಮನ ಮುಖಕ್ಕೆ ಬಡಿಯಿತು.

ಬೆಳಕು ಕಡಿಮೆಯಾಯಿತು. ಬಾಗಿಲಲ್ಲಿ ಕೆಂಪಯ್ಯ ನಿಂತಿದ್ದ, ಅವನ ಹಿಂದೆ ಏನೂ ಅರ್ಥವಾಗದ ರೂಪಶ್ರೀ. ತಂಗಿಯ ಮುಂದಿದ್ದ ತಟ್ಟೆಯನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

"ಊಟ ಇವಾಗ ತಾನೆ ಇಕ್ಕಿದ್ವಲ್ಲ," ಎಂ‍ದ. "ಏನ್ ಕೊರತೆ ಆಯ್ತು?"

ಯಶೋದಮ್ಮ ತಲೆ ಎತ್ತಿದಳು. ದನಿ ಏರಿಸಲಿಲ್ಲ. ರಂಗದ ಮೇಲಾದರೆ ಇಂಥ ಮಾತನ್ನು ಹಿಂದಿನ ಚಾಪೆಯವನಿಗೂ ಕೇಳಿಸುವಂತೆ ಆಡಬೇಕು. ಇಲ್ಲಿ ಆ ಅಗತ್ಯವಿರಲಿಲ್ಲ.

"ಅದು ಪಾರ್ಟಿನೋಳ್ಗೆ ಇಕ್ಕಿದ್ದಣ್ಣ. ಪುಟ್ಟಿಗಿನ್ನೂ ಇಕ್ಕಿಲ್ಲ."

ಒಲೆಯಲ್ಲಿ ಸೌದೆ ಸರಿಯಿತು. ಕೆಂಪಯ್ಯ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಅವಳಿಗೆ ಆ ಒರೆಸುವಿಕೆ ಗೊತ್ತಿತ್ತು. ಅದಾದ ಮೇಲೆ ಒಂದು ಸಲ ಸುಳ್ಳು ಬಂದಿತ್ತು. ಈ ಸಲ ಟವೆಲ್ಲು ಮುಖದಿಂದ ಬೇಗ ಕೆಳಗಿಳಿಯಲಿಲ್ಲ. ಹಾಗೇ ಅವನು ಗೋಡೆ ಸವರಿಕೊಂಡು ಬಂದು, ರಾಗಿ ಡಬ್ಬದ ಪಕ್ಕ, ಅವಳಿಂದ ಒಂದು ಮೊಳ ದೂರದಲ್ಲಿ, ಗರಿಗರಿ ಅಂಗಿಯನ್ನೂ ಲೆಕ್ಕಿಸದೆ ನೆಲಕ್ಕೆ ಕುಸಿದು ಕೂತ. ಹತ್ತಿರದಿಂದ ನೋಡಿದರೆ ಅವನೂ ಮುದುಕನೇ.

"ಪುಟ್ಟಿ," ಎಂದ. ನಲವತ್ತು ವರ್ಷ ಮೈಕಿಲ್ಲದೆ ಮೂರು ಹಳ್ಳಿಗೆ ಕೇಳಿಸಿದ ಗಂಟಲು, ಈಗ ಎದುರಿನವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಹತ್ತು ಅಂದೋನು ನಾನೇ ಕಣವ್ವ. ಆ ಬೇಗೂರೋರ ಮುಂದೆ ನಾನು..."

ಈ ಮಾತಿಗೆ ಉತ್ತರವಾಗಿ ಅವಳ ಬಳಿ ಎಷ್ಟೋ ಮಾತುಗಳಿದ್ದವು. ಒಂದೊಂದು ಕ್ಯಾಂಪಿನಲ್ಲಿ ಒಂದೊಂದು ಕಟ್ಟಿಟ್ಟುಕೊಂಡಿದ್ದಳು. ಕೆಲವು ಅವನನ್ನು ನೆಲಕ್ಕೆ ಕೆಡವುವಂಥವು, ಕೆಲವು ಕ್ಷಮಿಸುವಂಥವು. ಈಗ ಯಾವುದೂ ಬೇಕೆನಿಸಲಿಲ್ಲ. ರೈಲಿನಲ್ಲಿ ನಿದ್ದೆಯಿಲ್ಲ, ಬೆಳಿಗ್ಗೆಯಿಂದ ಎರಡು ಲೋಟ ಕಾಫಿ, ಆ ಎಲೆಯ ಎರಡು ತುತ್ತು ಬಿಟ್ಟರೆ ಹೊಟ್ಟೆಗೇನಿಲ್ಲ. ತಟ್ಟೆಯಲ್ಲಿ ಹಿಟ್ಟು ಆರುತ್ತಿತ್ತು.

"ಉಣ್ಣಾಕ್ ಬುಡಣ್ಣ," ಎಂದಳು.

ಕೆಂಪಯ್ಯ ಎದ್ದು ಹೋಗಲಿಲ್ಲ. ಹೇಳುವುದಕ್ಕೆ ಮೂವತ್ತಮೂರು ವರ್ಷ ತೆಗೆದುಕೊಂಡವನು ಒಂದು ಮುದ್ದೆ ಮುಗಿಯುವ ತನಕ ಕಾಯಲಿ. ಯಶೋದಮ್ಮ ಮುರಿದಳು, ಸಾರಿನಲ್ಲಿ ಹೊರಳಿಸಿದಳು, ಅಗಿಯದೆ ನುಂಗಿದಳು.